ಮೂರು ದೇಶಕ್ಕೆ ಒಂದು ರಸೀದಿ

ಎಲ್ಲ ಅನಾಹುತಕ್ಕೂ ಮೂಲ, ಆ ಮನುಷ್ಯನಿಗೆ ಯಾರಿಗೂ ಇಲ್ಲ ಎನ್ನಲು ಬಾರದಿದ್ದದ್ದು. ರಜೆಯ ದಿನ ಬಂದು ಬೀರು ಸರಿಸಿಕೊಡಿ ಎಂದರೆ “ಆಗ್ಲಿ.” ಸರದಿಯಲ್ಲಿ ನಿಂತಾಗ ನನಗೆ ಸ್ವಲ್ಪ ಅವಸರ, ಮುಂದೆ ಬಿಡಿ ಎಂದರೆ “ಆಗ್ಲಿ.” ಕಚೇರಿಯಲ್ಲಿ ಅವನ ಹೆಸರನ್ನೇ ಮರೆತು ಎಲ್ಲರೂ ‘ಆಗ್ಲಿ’ ಎಂದು ಕರೆಯತೊಡಗಿದಾಗ ಅದಕ್ಕೂ ಅವನು ತಕರಾರು ಮಾಡಿರಲಿಲ್ಲ.

ಅಂಥವನು ಜೀವಮಾನದಲ್ಲಿ ಒಂದೇ ಒಂದು ಸಲ ‘ಆಗಲ್ಲ’ ಎಂದಿದ್ದ. ಅದೂ ಹೋದ ವಾರ, ಮನೆ ಓನರಮ್ಮನಿಗೆ. ಆಕೆ ಬಾಗಿಲಿಗೆ ಬಂದು, “ಬಾಡಿಗೆ ಏರಿಸಿ ಎಷ್ಟೋ ವರ್ಷ ಆಯ್ತು. ಐದನೇ ಒಂದು ಪಾಲು ಜಾಸ್ತಿ ಮಾಡ್ತೀನಿ” ಎಂದಳು. ಅವನ ಬಾಯಿ ಅಭ್ಯಾಸಬಲದಿಂದ ‘ಆ’ ಎಂದು ತೆರೆಯುವಷ್ಟರಲ್ಲಿ ಬಾಗಿಲ ಹಿಂದೆ ನಿಂತಿದ್ದ ಹೆಂಡತಿ ಅವನ ಪಕ್ಕೆಗೆ ಬಲವಾಗಿ ತಿವಿದಳು. “ಆಗಲ್ಲ” ಎಂಬ ಮಾತು ಹೊರಗೆ ಹಾರಿಬಿಟ್ಟಿತು. ಓನರಮ್ಮ ಕಕ್ಕಾಬಿಕ್ಕಿಯಾಗಿ ಮೆಟ್ಟಿಲೇರಿ ಹೋದಳು. ಯಾರಿಗಿಂತಲೂ ಹೆಚ್ಚು ಗಾಬರಿಯಾದವನು ಅವನೇ. ಹೆಂಡತಿ ಮಾತ್ರ ಆ ದಿನವೆಲ್ಲ ಅವನನ್ನು ಹೊಸಬನನ್ನು ನೋಡುವಂತೆ ನೋಡಿದಳು. “ಪರವಾಗಿಲ್ಲ ಕಣ್ರೀ, ನಿಮಗೂ ಮಾತು ಬರುತ್ತೆ” ಎಂದಳು.

ಮನೆ ಎಂದರೆ ಒಂದು ಕೋಣೆ, ಒಂದು ಅಡುಗೆಮನೆ. ಅತ್ತೆ ಕಣ್ಣಿನ ಚಿಕಿತ್ಸೆಗೆಂದು ಬಂದಿದ್ದರು. ಕಣ್ಣು ಎಂದೋ ಸರಿಹೋಗಿತ್ತು. ಅತ್ತೆ ಹೊರಡುವ ದಾರಿ ಮಾತ್ರ ಅವರ ಕಣ್ಣಿಗೆ ಇನ್ನೂ ಬಿದ್ದಿರಲಿಲ್ಲ. ಕೋಣೆಯಲ್ಲಿದ್ದ ಮಂಚ ತಾಯಿ ಮಗಳ ಪಾಲಾಗಿ, ಅಳಿಯ ಅಡುಗೆಮನೆಯಲ್ಲಿ ಚಾಪೆ ಹಾಸುತ್ತಿದ್ದ. ತಲೆಯ ಹತ್ತಿರ ಫ್ರಿಜ್ಜು, ಕಾಲ ಹತ್ತಿರ ಗ್ಯಾಸ್ ಸಿಲಿಂಡರು. ಅವನು ನಿದ್ದೆಗೆ ಜಾರುವ ಹೊತ್ತಿಗೆ ಸರಿಯಾಗಿ ಫ್ರಿಜ್ಜಿನ ಮೋಟಾರು ಗುರ್ ಎಂದು ಎದ್ದು ಕೂರುತ್ತಿತ್ತು.

ಈಗ ಮಹಡಿಯ ಮೇಲಿನ ಸಣ್ಣ ಕೋಣೆ ಖಾಲಿಯಾಗಿತ್ತು. ಸಂಬಳ ಏರಿದರೆ ಅದನ್ನೂ ಬಾಡಿಗೆಗೆ ಹಿಡಿಯಬಹುದು, ಅತ್ತೆಯನ್ನು ಅಲ್ಲಿ ಬಿಟ್ಟು ಅವನು ಮಂಚಕ್ಕೆ ಮರಳಬಹುದು.

“ಸಂಜೆಯೊಳಗೆ ಹೇಳದಿದ್ರೆ ಬೇರೆಯವರಿಗೆ ಕೊಡ್ತಾರಂತೆ. ಇವತ್ತು ನಿಮ್ಮ ಪಟ್ಟಿ ಪಾಸಾಗುತ್ತಲ್ಲ, ಆದ ತಕ್ಷಣ ಫೋನ್ ಮಾಡ್ರಿ” ಎಂದಳು ಹೆಂಡತಿ, ಬೆಳಗ್ಗೆ ಅವನು ಚಪ್ಪಲಿ ಮೆಟ್ಟುವಾಗ.

“ಆಗ್ಲಿ” ಎಂದ.

ಆ ಪಟ್ಟಿಯ ಕತೆ ಇಷ್ಟು. ಅವನು ಗುಮಾಸ್ತನಾಗಿದ್ದದ್ದು ತೂಕದ ಯಂತ್ರ ಮಾಡುವ ಕಂಪನಿಯಲ್ಲಿ. ಕಂಪನಿಗೆ ಮೂರು ದೇಶಗಳಲ್ಲಿ ಶಾಖೆ. ಒಂದು ಇವರ ಬಯಲು ದೇಶದಲ್ಲಿ, ಇನ್ನೊಂದು ಗುಡ್ಡದ ದೇಶದಲ್ಲಿ, ಮತ್ತೊಂದು ದ್ವೀಪದಲ್ಲಿ. ಮೂರೂ ಕಡೆ ನಾಣ್ಯ ಬೇರೆ, ಬೆಲೆ ಬೇರೆ. ಒಂದೇ ಕೆಲಸ ಮಾಡುವವರ ಸಂಬಳದಲ್ಲಿ ಮೂರು ದೇಶದಲ್ಲೂ ಒಂದೇ ಪ್ರಮಾಣದ ಸಾಮಾನು ಕೊಳ್ಳಲು ಬರಬೇಕು ಎಂದು ಹೊರಗಿನ ದೊಡ್ಡ ಕಚೇರಿಯವರು ಗೊತ್ತುಮಾಡಿದ್ದರು. ಯಾವ ದೇಶ ಎಷ್ಟು ತುಟ್ಟಿ ಎಂದು ಹೋಲಿಸಿ ನೋಡಿ, ತುಟ್ಟಿಯಾದ ಕಡೆ ಸಂಬಳ ಏರಿಸುವುದು. ಆ ಹೋಲಿಕೆಯ ಪಟ್ಟಿ ಮಾಡುವವರು ಯಾರು ಎಂದು ಕೇಳಿದಾಗ ಮೂರು ಶಾಖೆಯವರೂ ಚಾವಣಿ ನೋಡಿದರು. ಆಗ್ಲಿ ಮಾತ್ರ ಎಂದಿನಂತೆ ಆಗ್ಲಿ ಎಂದ.

ಕೆಲಸ ಮೇಲ್ನೋಟಕ್ಕೆ ಸುಲಭ. ಅದೇ ಸೋಪು, ಅದೇ ತೂಕ; ಅದೇ ಬಿಳಿ ಅಂಗಿ, ಅಷ್ಟೇ ಗುಂಡಿ. ಹೀಗೆ ಒಂದೇ ಬಗೆಯ ಸಾಮಾನಿಗೆ ಮೂರೂ ದೇಶದ ಬೆಲೆ ಬರೆದುಕೊಳ್ಳಬೇಕು; ಗುಡ್ಡದ್ದು, ದ್ವೀಪದ್ದು ಅಲ್ಲಿಯ ಗುಮಾಸ್ತರು ಕಳಿಸುತ್ತಾರೆ. ಅವನು ಅಂಗಡಿ ಅಂಗಡಿ ಸುತ್ತಿ, ಏನೂ ಕೊಳ್ಳದೆ ಬರೀ ಬೆಲೆ ಕೇಳಿ ಕೇಳಿ ಬೀದಿಗೆಲ್ಲ ಪರಿಚಿತನಾದ. “ಈ ಸೋಪಿನ ಬೆಲೆ ನಾಲ್ಕು ಸಲ ಕೇಳಿದ್ದೀರಿ. ಕೊಳ್ಳೋದು ಬೇಡ, ಒಂದು ಸಲ ಮೂಸಿ ನೋಡಿಯಾದರೂ ಹೋಗಿ” ಎಂದಿದ್ದ ಒಬ್ಬ ಅಂಗಡಿಯವನು.

ತೊಡಕಾದದ್ದು ಮನೆ ಬಾಡಿಗೆ. ರಸೀದಿ ಇದ್ದರೆ ಮಾತ್ರ ಬಾಡಿಗೆ ಲೆಕ್ಕಕ್ಕೆ ಬರುತ್ತದೆ ಎಂಬ ನಿಯಮ. ಸಹೋದ್ಯೋಗಿಗಳ ಮನೆ ಮಾಲೀಕರು ಬಾಡಿಗೆ ಎಣಿಸಿಕೊಳ್ಳುವುದರಲ್ಲಿ ಚುರುಕು, ರಸೀದಿ ಎಂದರೆ ಕಿವುಡು. ಊರಿಗೆಲ್ಲ ರಸೀದಿ ಕೊಡುವ ಪುಣ್ಯಾತ್ಗಿತ್ತಿ ಎಂದರೆ ಅವನ ಓನರಮ್ಮ ಒಬ್ಬಳೇ. ಉದ್ದ ಬಾಲದ ರುಜು ಹಾಕಿ, ತಾರೀಖು ಬರೆದು, ಊದಿ ಆರಿಸಿ ಕೊಡುತ್ತಿದ್ದಳು. ಹಾಗಾಗಿ ಇಡೀ ಬಯಲು ದೇಶದ ಬಾಡಿಗೆ ಎಂದು ಅವನ ಮನೆಯ ಬಾಡಿಗೆಯೇ ಕಾಗದಕ್ಕೆ ಇಳಿಯಿತು.

ಆಮೇಲೆ ಶುರುವಾಯಿತು ಶಿಫಾರಸು. ಬಯಲನ್ನು ಗುಡ್ಡದ ಜೊತೆ ಹೋಲಿಸಲು ಕುಳಿತಾಗ ಕ್ಯಾಷಿಯರ್ ಅಕ್ಕ ಬಂದು ಎದುರಿನ ಕುರ್ಚಿ ಹಿಡಿದಳು. ಆ ಶಾಖೆಯಲ್ಲಿ ಅವಳಿಗೆ ತಿಳಿಯದ ವಿಷಯವಿಲ್ಲ, ಅವಳು ತಿಳಿಸದ ಜನವೂ ಇಲ್ಲ.

“ಬಾಡಿಗೆ ತೆಗೀರಿ. ನಿಮ್ಮ ಬಾಡಿಗೆ ತೋರಿಸಿದ್ರೆ ಇವರೇನು ಗೂಡಲ್ಲಿ ಇದ್ದಾರಾ ಅಂತ ನಗ್ತಾರೆ. ಫ್ಯಾನ್ ಹಾಕಿ, ಮೀನು ಹಾಕಿ, ಛತ್ರಿ ಹಾಕಿ. ಇವೆಲ್ಲ ನಮ್ಮಲ್ಲೇ ತುಟ್ಟಿ.”

“ಆಗ್ಲಿ ಅಕ್ಕ.”

ಗುಡ್ಡವನ್ನು ದ್ವೀಪದ ಜೊತೆ ಹೋಲಿಸುವಾಗ ಗುಡ್ಡದ ಶಾಖೆಯ ಗುಮಾಸ್ತ ಫೋನು ಮಾಡಿದ. “ಅಣ್ಣಾ, ಕಂಬಳಿ, ಹೀಟರು, ಉಣ್ಣೆ ಸಾಕ್ಸು ಸೇರಿಸಿ. ಇಲ್ಲಿ ಮಕ್ಕಳಿಗೆಲ್ಲ ಮೂಗು ಸೋರ್ತಾ ಇದೆ.” ಸೋರುವ ಮೂಗಿಗೆ ಇಲ್ಲ ಎನ್ನುವುದು ಹೇಗೆ? ಆಗ್ಲಿ ಎಂದ. ದ್ವೀಪವನ್ನು ಬಯಲಿನ ಜೊತೆ ಹೋಲಿಸುವಾಗ ದ್ವೀಪದ ಗುಮಾಸ್ತೆ ಅಳುವ ದನಿಯಲ್ಲಿ, “ಅಣ್ಣಾ, ನಮಗೆ ಈರುಳ್ಳಿಯೂ ಹಡಗಲ್ಲೇ ಬರಬೇಕು. ತರಕಾರಿ, ಹಾಲು, ಮನೆ ಬಾಡಿಗೆ ಬಿಡಬೇಡಿ” ಎಂದಳು. ಅದಕ್ಕೂ ಆಗ್ಲಿ ಎಂದ. ಹೀಗೆ ಮೂರು ಹೋಲಿಕೆ, ಮೂರು ಬುಟ್ಟಿ ಸಾಮಾನು. ಪ್ರತಿಯೊಂದನ್ನೂ ಪ್ರಾಮಾಣಿಕವಾಗಿ ಕೂಡಿ ಕಳೆದು ನಿನ್ನೆ ಸಂಜೆಗೆ ಮುಗಿಸಿದ್ದ. ಬೆಲೆ ಬರೆಯಲು ನಿನ್ನೆಯೇ ಕೊನೆಯ ದಿನ.

ಇವತ್ತು ಬೆಳಗ್ಗೆ ಅವನು ಕಚೇರಿಯೊಳಗೆ ಕಾಲಿಡುವ ಮೊದಲೇ ಪಟ್ಟಿ ಕ್ಯಾಷಿಯರ್ ಅಕ್ಕನ ಕೈ ಸೇರಿತ್ತು. ಅವಳು ಕೌಂಟರಿನ ಹಿಂದಿನಿಂದಲೇ ಸಾರಿದಳು.

“ಕೇಳ್ರಪ್ಪಾ! ನಾವು ಗುಡ್ಡದವರಿಗಿಂತ ನೂರಕ್ಕೆ ಹತ್ತು ತುಟ್ಟಿ! ಸಂಬಳ ಏರಿತು ಅಂತಲೇ ತಿಳ್ಕೊಳ್ಳಿ!”

“ದ್ವೀಪದವರು ನಮಗಿಂತ ತುಟ್ಟಿ ಅಂತಲೂ ಇದೆ ಅಕ್ಕ” ಎಂದ ಅವನು ಮೆಲ್ಲಗೆ.

“ಅವರಿಗೂ ಏರಲಿ ಬಿಡಿ, ನಮ್ಮ ಗಂಟೇನು ಹೋಗುತ್ತೆ?”

ಶಾಖೆಯ ಉಗ್ರಾಣ ನೋಡಿಕೊಳ್ಳುವ ಸ್ಟೋರಿನವನು ಓಡಿ ಬಂದು ಅವನನ್ನು ತಬ್ಬಿಕೊಂಡ. ಸ್ಟೋರಿನವನು ಲಾಭವಿಲ್ಲದೆ ಕಿಟಕಿ ಕೂಡ ತೆಗೆಯುವವನಲ್ಲ. ಅವನು ತಬ್ಬಿಕೊಂಡದ್ದು ನೋಡಿ ಆಗ್ಲಿ ಜೇಬು ಮುಟ್ಟಿ ನೋಡಿಕೊಂಡ. ಅನುಮಾನ ಸುಳ್ಳಾಗಲಿಲ್ಲ.

“ಇಂಥ ದಿನ ಟೀ ಕೊಡಿಸದೆ ಇರ್ತೀರಾ ಆಗ್ಲಿಯವರೇ? ಎಲ್ಲರಿಗೂ ಬನ್ನು, ಬೆಣ್ಣೆ ಸಮೇತ.”

“ಆಗ್ಲಿ.”

ಕ್ಯಾಂಟೀನಿನಲ್ಲಿ ಶಾಖೆಗೆ ಶಾಖೆಯೇ ಬನ್ನು ತಿಂದಿತು. ಬಿಲ್ಲು ನೋಡಿದರೆ ಎಂದಿಗಿಂತ ಹೆಚ್ಚಿತ್ತು.

“ಇದೇನಪ್ಪಾ, ಟೀ ಬೆಲೆ ನಿನ್ನೆ ಇಷ್ಟಿರಲಿಲ್ಲವಲ್ಲ?”

“ನಿನ್ನೆ ನಿಮ್ಮ ಸಂಬಳವೂ ಏರಿರಲಿಲ್ಲವಲ್ಲ ಸಾರ್” ಎಂದ ಕ್ಯಾಂಟೀನಿನವನು, ಚಿಲ್ಲರೆ ಎಣಿಸುತ್ತ. “ಈ ಊರು ತುಟ್ಟಿ ಅಂತ ನೀವೇ ಬರೆದಿದ್ದೀರಂತೆ. ನಿಮ್ಮ ಮಾತು ಸುಳ್ಳಾಗಬಾರದು ನೋಡಿ.”

ಮಧ್ಯಾಹ್ನದ ಹೊತ್ತಿಗೆ ಹೆಂಡತಿಯ ಫೋನು ಬಂತು. ಅವಳ ದನಿಯಲ್ಲಿ ಎಷ್ಟೋ ತಿಂಗಳಿಂದ ಕೇಳದ ಸಂತೋಷವಿತ್ತು.

“ರೀ, ಕ್ಯಾಷಿಯರ್ ಅಕ್ಕ ಎಲ್ಲ ಹೇಳಿದ್ರು. ನಾನಾಗಲೇ ಮೇಲೆ ಹೋಗಿ ಓನರಮ್ಮಂಗೆ ಹೇಳಿ ಬಂದೆ, ಇವರ ಸಂಬಳ ಏರಿತು, ಆ ಕೋಣೆ ನಮಗೇ ಇರಲಿ ಅಂತ. ಅಮ್ಮ ಗಂಟು ಕಟ್ತಾ ಇದ್ದಾರೆ.”

“ಮೀಟಿಂಗ್ ಮೂರು ಗಂಟೆಗೆ ಕಣೇ. ಇನ್ನೂ ಪಾಸಾಗಿಲ್ಲ.”

“ಇಷ್ಟು ದಿನ ಬಿಸಿಲಲ್ಲಿ ಸೋಪು, ಅಂಗಿ ಅಂತ ತಿರುಗಿದ್ದೀರಿ. ಪಾಸಾಗದೆ ಎಲ್ಲಿಗೆ ಹೋಗುತ್ತೆ?”

ಅವನಿಗೂ ಹೌದೆನ್ನಿಸಿತು. ಅವನು ಕಣ್ಣು ಮುಚ್ಚಿ ಮಂಚವನ್ನು ನೆನೆದ. ಎಡಗಡೆಯ ಕಾಲು ಸ್ವಲ್ಪ ಗಿಡ್ಡ, ಹೊರಳಿದರೆ ಕಿರ್ ಎನ್ನುತ್ತದೆ. ಆದರೂ ಮಂಚ ಮಂಚವೇ.

ಮೂರು ಗಂಟೆಗೆ ಮ್ಯಾನೇಜರರ ಕೋಣೆಯಲ್ಲಿ ಎಲ್ಲರೂ ಕಂಪ್ಯೂಟರ್ ಪರದೆಯ ಮುಂದೆ ಕೂತರು. ಪರದೆಯ ಮೇಲೆ ದೊಡ್ಡ ಕಚೇರಿಯ ಮೇಡಂ. ಇನ್ನೆರಡು ಮೂಲೆಯಲ್ಲಿ ಗುಡ್ಡದವರು, ದ್ವೀಪದವರು. ಗುಡ್ಡದ ಗುಮಾಸ್ತ ಮಫ್ಲರು ಸುತ್ತಿಕೊಂಡು ಅವನಿಗೆ ಕೈಮುಗಿದ. ದ್ವೀಪದ ಗುಮಾಸ್ತೆ ನಕ್ಕಳು. ಮೂರು ದೇಶದ ಜನ ಒಟ್ಟಿಗೆ ಸಂತೋಷವಾಗಿದ್ದದ್ದು ಬಹುಶಃ ಅದೇ ಮೊದಲು.

“ಚೊಕ್ಕವಾಗಿ ಮಾಡಿದ್ದೀರಿ” ಎಂದರು ಮೇಡಂ, ಹಾಳೆ ತಿರುವುತ್ತ. “ಕೂಡಿಸಿದ್ದರಲ್ಲಿ ಎಲ್ಲೂ ತಪ್ಪು ಕಾಣಲಿಲ್ಲ. ಯಾರಿಗಾದರೂ ಏನಾದರೂ ಕೇಳೋದಿದೆಯಾ? ಇಲ್ಲದಿದ್ದರೆ ಸಹಿ ಹಾಕ್ತೀನಿ.”

ಅಷ್ಟಕ್ಕೆ ಬಿಟ್ಟಿದ್ದರೆ ಕತೆ ಸುಖವಾಗಿ ಮುಗಿಯುತ್ತಿತ್ತು. ಸ್ಟೋರಿನವನು ಕೈ ಎತ್ತಿದ.

“ಮೇಡಂ, ಒಂದು ಸಣ್ಣ ಕೋರಿಕೆ. ವರ್ಗ ಆದ್ರೆ ಸಂಬಳ ಈ ಪಟ್ಟಿ ಪ್ರಕಾರವೇ ಬದಲಾಗುತ್ತೆ ಅಲ್ವಾ?”

“ಹೌದು.”

“ಹಾಗಾದ್ರೆ ನನ್ನನ್ನ ದ್ವೀಪಕ್ಕೆ ಹಾಕಿ. ದ್ವೀಪ ನಮಗಿಂತ ನೂರಕ್ಕೆ ಹತ್ತು ತುಟ್ಟಿ. ನೂರು ಇದ್ದದ್ದು ನೂರ ಹತ್ತಾಗುತ್ತೆ.”

“ಸರಿ, ಅರ್ಜಿ ಕೊಡಿ.”

“ಅಲ್ಲಿ ಒಂದು ವಾರ ಇದ್ದು ಗುಡ್ಡಕ್ಕೆ ಹೋಗ್ತೀನಿ. ಗುಡ್ಡ ದ್ವೀಪಕ್ಕಿಂತ ಹತ್ತು ತುಟ್ಟಿ. ನೂರ ಇಪ್ಪತ್ತೊಂದು ಆಯ್ತು.”

ಮೇಡಂ ಪೆನ್ನು ಕೆಳಗಿಟ್ಟರು. ಆಗ್ಲಿ ಮೇಜಿನ ಕೆಳಗೆ ಸ್ಟೋರಿನವನ ಕಾಲು ತುಳಿಯಲು ಹೋಗಿ ಮ್ಯಾನೇಜರರ ಕಾಲು ತುಳಿದ. ಮ್ಯಾನೇಜರರು ಹಲ್ಲು ಕಚ್ಚಿಕೊಂಡು ಪರದೆಯತ್ತ ಮುಗುಳ್ನಕ್ಕರು.

“ಗುಡ್ಡದಿಂದ ವಾಪಸ್ ಇಲ್ಲಿಗೆ” ಎಂದು ಸ್ಟೋರಿನವನು ಉತ್ಸಾಹದಿಂದ ಮುಂದುವರಿಸಿದ. “ನಾವು ಗುಡ್ಡಕ್ಕಿಂತ ಹತ್ತು ತುಟ್ಟಿ. ನೂರ ಮೂವತ್ತಮೂರು! ಇದೇ ಊರು, ಇದೇ ಕುರ್ಚಿ, ಒಂದು ಸುತ್ತು ತಿರುಗಿ ಬಂದದ್ದಕ್ಕೆ ಮೂವತ್ತಮೂರು ಲಾಭ. ಇನ್ನೆರಡು ಸುತ್ತು ಹಾಕಿಸಿ ಮೇಡಂ, ನಮ್ಮ ಮ್ಯಾನೇಜರ್ ಸಾಹೇಬ್ರ ಸಂಬಳ ದಾಟಿಬಿಡ್ತೀನಿ.”

ಸ್ಟೋರಿನವನು ತಾನೇನು ಮಾಡಿದೆ ಎಂಬುದು ತಿಳಿಯದೆ, ಮೆಚ್ಚುಗೆಗಾಗಿ ಸುತ್ತ ನೋಡಿದ.

“ಮೂರು ಜನರನ್ನ ಸಾಲಾಗಿ ನಿಲ್ಲಿಸಿದರೆ ಒಬ್ಬ ಎತ್ತರ ಇರಬೇಕು, ಒಬ್ಬ ಕುಳ್ಳ ಇರಬೇಕು” ಎಂದರು ಮೇಡಂ ನಿಧಾನವಾಗಿ. “ನಿಮ್ಮ ಪಟ್ಟಿಯಲ್ಲಿ ಬಯಲು ಗುಡ್ಡಕ್ಕಿಂತ ಎತ್ತರ, ಗುಡ್ಡ ದ್ವೀಪಕ್ಕಿಂತ ಎತ್ತರ, ದ್ವೀಪ ಮತ್ತೆ ಬಯಲಿಗಿಂತ ಎತ್ತರ. ಇದು ಹೇಗೆ ಸಾಧ್ಯ? ಪ್ರತಿ ಜೋಡಿಗೂ ಬೇರೆ ಬೇರೆ ಸಾಮಾನು ಹಾಕಿದ್ದೀರಲ್ಲ, ಯಾಕೆ?”

“ಎಲ್ಲರೂ ಕೇಳಿಕೊಂಡ್ರು ಮೇಡಂ.”

“ನೀವೇನಂದ್ರಿ?”

“ಆಗ್ಲಿ ಅಂದೆ.”

“ತಕ್ಕಡಿ ಮಾಡೋ ಕಂಪನಿಯಲ್ಲಿ ಕೂತು ಒಬ್ಬೊಬ್ಬರಿಗೆ ಒಂದೊಂದು ತೂಕದ ಕಲ್ಲು ಇಟ್ಟಿದ್ದೀರಿ” ಎಂದರು ಮೇಡಂ. ಅವರು ಗದರಲಿಲ್ಲ. ಅದೇ ಅವನಿಗೆ ಹೆಚ್ಚು ನಾಚಿಕೆ ತಂದಿತು. “ಬೆಲೆ ಎಲ್ಲ ಸರಿಯಾಗೇ ಬರೆದಿದ್ದೀರಿ, ಅದು ವ್ಯರ್ಥ ಆಗೋದು ಬೇಡ. ಮೂರೂ ಬುಟ್ಟಿ ಸುರಿದು ಒಂದೇ ಬುಟ್ಟಿ ಮಾಡೋಣ. ಕಂಬಳಿ, ಮೀನು, ಈರುಳ್ಳಿ, ಬಾಡಿಗೆ, ಎಲ್ಲ ಮೂವರಿಗೂ ಲೆಕ್ಕಕ್ಕೆ. ಆಮೇಲೆ ಯಾರು ಯಾವ ಕಡೆಯಿಂದ ಸುತ್ತಿ ಬಂದರೂ ಹೊರಟಲ್ಲಿಗೇ ಬರ್ತಾರೆ.”

“ಅಯ್ಯೋ, ಸುತ್ತಿ ಬಂದದ್ದಕ್ಕೆ ಏನೂ ಸಿಗಲ್ವಾ?” ಎಂದ ಸ್ಟೋರಿನವನು.

ಮೇಡಂ ಅಲ್ಲೇ ಕೂತು ಅಂಕಿಗಳನ್ನು ಹೊಸದಾಗಿ ಜೋಡಿಸಿದರು. ಕ್ಯಾಷಿಯರ್ ಅಕ್ಕ ಸೆರಗಿನ ತುದಿ ಹಿಂಡಿದಳು. ಕಡೆಗೆ ಪರದೆಯ ಮೇಲೆ ಮೂರು ಸಾಲು ಮೂಡಿತು. ಎಲ್ಲಕ್ಕಿಂತ ತುಟ್ಟಿ ಗುಡ್ಡ. ಅದರ ಬೆನ್ನಿಗೇ ದ್ವೀಪ. ಬಯಲು ತಳದಲ್ಲಿ, ಏರಿಕೆ ಸಿಗುವ ಗೆರೆಯಿಂದ ಒಂದಿಷ್ಟು ಕೆಳಗೆ.

“ಗುಡ್ಡಕ್ಕೂ ದ್ವೀಪಕ್ಕೂ ಏರಿಕೆ. ಬಯಲಿನವರ ಸಂಬಳದಲ್ಲಿ ಈಗಾಗಲೇ ಬೇರೆಯವರಿಗಿಂತ ಹೆಚ್ಚು ಸಾಮಾನು ಬರ್ತಾ ಇದೆ, ಹಾಗಾಗಿ ಏರಿಕೆ ಇಲ್ಲ.”

ಗುಡ್ಡದ ಗುಮಾಸ್ತ ಮಫ್ಲರು ಬಿಚ್ಚಿ ಗಾಳಿಯಲ್ಲಿ ಬೀಸಿದ. ಅವನ ಮಕ್ಕಳ ಮೂಗು ಸೋರುವುದು ಆ ಗಳಿಗೆಗೆ ನಿಂತೇಹೋಗಿರಬೇಕು.

“ಮೇಡಂ, ಎಲ್ಲೋ ತಪ್ಪಾಗಿದೆ!” ಎಂದು ಕ್ಯಾಷಿಯರ್ ಅಕ್ಕ ಎದ್ದು ನಿಂತಳು. “ನಾವು ಇಷ್ಟು ಅಗ್ಗ ಇರೋಕೆ ಸಾಧ್ಯವೇ ಇಲ್ಲ.”

ಮೇಡಂ ಇನ್ನೊಮ್ಮೆ ನೋಡಿದರು. “ಬೇರೆ ಎಲ್ಲದರಲ್ಲೂ ನೀವು ಸರಿಸಮವೇ ಇದ್ದೀರಿ. ನಿಮ್ಮನ್ನ ಕೆಳಗೆ ಎಳೀತಾ ಇರೋದು ಒಂದೇ ಒಂದು, ಮನೆ ಬಾಡಿಗೆ. ಇದು ಯಾರ ಮನೆಯದು?”

“ನಮ್ಮದು ಮೇಡಂ” ಎಂದ ಆಗ್ಲಿ. “ರಸೀದಿ ಇದೆ.”

“ಆ ಮನೆ ಲೆಕ್ಕಕ್ಕೆ ತಗೋಬೇಡಿ ಮೇಡಂ, ಅವರು ಅಡುಗೆಮನೆಯಲ್ಲಿ ಮಲಗೋರು!” ಎಂದಳು ಕ್ಯಾಷಿಯರ್ ಅಕ್ಕ. ಮೂರು ದೇಶದವರೂ ಅವನನ್ನು ಕನಿಕರದಿಂದ ನೋಡಿದರು.

“ಯಾರು ಎಲ್ಲಿ ಮಲಗ್ತಾರೆ ಅನ್ನೋದಕ್ಕೆ ಪಟ್ಟಿಯಲ್ಲಿ ಜಾಗ ಇಲ್ಲಮ್ಮ. ಇದೇ ಬಾಡಿಗೆ ಐದನೇ ಒಂದು ಪಾಲು ಹೆಚ್ಚಿದ್ದಿದ್ರೆ ಸಾಕಿತ್ತು, ನಿಮ್ಮ ಶಾಖೆ ಗೆರೆ ದಾಟ್ತಿತ್ತು. ಇಷ್ಟು ವರ್ಷ ನಿಮ್ಮ ಓನರ್ ಬಾಡಿಗೆ ಏರಿಸಲೇ ಇಲ್ವಾ?”

ಸುಳ್ಳು ಹೇಳಲು ಅವನಿಗೆ ಬರುತ್ತಿರಲಿಲ್ಲ. “ಹೋದ ವಾರ ಕೇಳಿದ್ರು ಮೇಡಂ. ಐದನೇ ಒಂದು ಪಾಲೇ ಕೇಳಿದ್ರು. ನಾನು… ಆಗಲ್ಲ ಅಂದೆ.”

ಇಡೀ ಶಾಖೆ ಅವನತ್ತ ತಿರುಗಿತು.

“ಏನಂದ್ರಿ?” ಎಂದಳು ಕ್ಯಾಷಿಯರ್ ಅಕ್ಕ.

“ಆಗಲ್ಲ ಅಂದೆ ಅಕ್ಕ.”

“ನೀವಾ?” ಮ್ಯಾನೇಜರರು ಕಾಲಿನ ನೋವು ಮರೆತು ಮುಂದಕ್ಕೆ ಬಾಗಿದರು. “ಹನ್ನೆರಡು ವರ್ಷದಿಂದ ನೋಡ್ತಾ ಇದ್ದೀನಲ್ರೀ. ಜನ್ಮಕ್ಕೊಂದು ಸಲ ಹಟ ಮಾಡೋಕೆ ನಿಮಗೆ ಹೋದ ವಾರವೇ ಸಿಕ್ಕಿತಾ?”

“ಇವತ್ತೇ ಏರಿಸಿಕೊಂಡು ಬರ್ಲಾ ಮೇಡಂ?” ಎಂದು ಅವನು ಕೊನೆಯ ಆಸೆಯಿಂದ ಕೇಳಿದ.

“ಬೆಲೆಪಟ್ಟಿ ನಿನ್ನೆಗೆ ಮುಚ್ಚಿತು. ನಿನ್ನೆಯ ತಾರೀಖಿನ ರಸೀದಿ ಇದ್ದರೆ ನಾಳೆ ಬೆಳಗ್ಗೆ ಕಳಿಸಿ, ನೋಡ್ತೀನಿ. ಇಲ್ಲದಿದ್ದರೆ ಮುಂದಿನ ಪಟ್ಟಿ ಮೂರು ವರ್ಷಕ್ಕೆ” ಎಂದು ಮೇಡಂ ಪರದೆಯಿಂದ ಮರೆಯಾದರು.

ಆಮೇಲೆ ಯಾರೂ ಅವನ ಜೊತೆ ಮಾತಾಡಲಿಲ್ಲ. ಸ್ಟೋರಿನವನು ಮಾತ್ರ ಹೋಗುವಾಗ, “ನಾನು ಎಷ್ಟು ಚೆನ್ನಾಗಿ ಮಾತು ತೆಗೆದಿದ್ದೆ, ನೀವು ಕೆಡಿಸಿಬಿಟ್ರಿ” ಎಂದು ಬೇಸರಪಟ್ಟ. ಕ್ಯಾಂಟೀನಿನ ಮುಂದೆ ಹಾದಾಗ ಆಗ್ಲಿ ಕತ್ತು ಚಾಚಿ ನೋಡಿದ. ಟೀ ಬೆಲೆಯ ಹಲಗೆಯ ಮೇಲೆ ಹೊಸ ಬೆಲೆ ಬಣ್ಣದಲ್ಲಿ ಬರೆದಿತ್ತು. ಸಂಬಳದ ಸುದ್ದಿ ಸುಳ್ಳಾಯಿತೆಂದು ಹಳೆಯ ಬೆಲೆಗೆ ಇಳಿಯುವ ಲಕ್ಷಣ ಕಾಣಲಿಲ್ಲ.

ಮನೆಯ ಗೇಟಿನಲ್ಲಿ ಓನರಮ್ಮ ಅವನಿಗಾಗಿಯೇ ಕಾಯುತ್ತಿದ್ದಳು. ಅವಳ ಹಿಂದೆ ಹೆಂಡತಿ, ಹೆಂಡತಿಯ ಹಿಂದೆ ಗಂಟು ಹಿಡಿದ ಅತ್ತೆ.

“ಬನ್ನಿ ಬನ್ನಿ, ಸಂಬಳ ಏರಿತಂತೆ, ಸಂತೋಷ” ಎಂದಳು ಓನರಮ್ಮ. “ಮೇಲಿನ ಕೋಣೆ ನಿಮಗೇ ಇಟ್ಟಿದ್ದೀನಿ.”

“ಏರಲಿಲ್ಲಮ್ಮ. ಕೋಣೆ ಬೇರೆಯವರಿಗೆ ಕೊಟ್ಟುಬಿಡಿ.”

ಹೆಂಡತಿಯ ಮುಖ ಇಳಿದುಹೋಯಿತು. ಅತ್ತೆ ಗಂಟಿನೊಂದಿಗೆ ಒಳಗೆ ಹೋದರು. ಮಂಚ ಕಿರ್ ಎಂದದ್ದು ಗೇಟಿನವರೆಗೂ ಕೇಳಿಸಿತು.

“ಏರಲಿಲ್ವಾ? ಹಾಗಂತ ಈಗ ಹೇಳ್ತೀರಿ” ಎಂದು ಓನರಮ್ಮ ಸೊಂಟದ ಮೇಲೆ ಕೈಯಿಟ್ಟಳು. “ಕೊಡೋ ಹೊತ್ತಿಗೆ ಎಲ್ಲರ ಸಂಬಳವೂ ಇಳಿಯುತ್ತೆ. ಹೋದ ವಾರ ಮುಖ ನೋಡಿ ಬಿಟ್ಟೆ, ಇವತ್ತು ಬಿಡಲ್ಲ. ಕೋಣೆ ಬೇಡದಿದ್ರೆ ಬೇಡ. ಈಗಿರೋ ಮನೆ ಬಾಡಿಗೆ ಐದನೇ ಒಂದು ಪಾಲು ಜಾಸ್ತಿ. ಈ ತಿಂಗಳಿಂದಲೇ. ಆಗುತ್ತೋ ಇಲ್ಲವೋ?”

ಹೆಂಡತಿಯ ಮೊಣಕೈ ಅವನ ಪಕ್ಕೆಗೆ ಬಂದು ತಗುಲಿತು. ಆದರೆ ಅವನ ತಲೆಯಲ್ಲಿ ಬೇರೆಯೇ ದೀಪ ಹತ್ತಿತ್ತು. ಬಾಡಿಗೆ ಏರುತ್ತದೆ. ಏರಿದರೆ ಗೆರೆ ದಾಟುತ್ತದೆ. ಗೆರೆ ದಾಟಿದರೆ ಸಂಬಳ, ಸಂಬಳ ಬಂದರೆ ಕೋಣೆ, ಕೋಣೆ ಸಿಕ್ಕರೆ ಮಂಚ.

“ಆಗ್ಲಿ!” ಎಂದು ಅವನು ಕೂಗಿದ ರಭಸಕ್ಕೆ ಓನರಮ್ಮ ಒಂದು ಹೆಜ್ಜೆ ಹಿಂದೆ ಸರಿದಳು. “ಖಂಡಿತ ಆಗ್ಲಿ. ಈಗಲೇ ದುಡ್ಡು ತಗೊಳ್ಳಿ, ಈಗಲೇ ರಸೀದಿ ಬರೀರಿ. ಆದ್ರೆ ಅಮ್ಮಾ, ಒಂದು ಉಪಕಾರ. ತಾರೀಖು ಮಾತ್ರ ನಿನ್ನೆಯದು ಹಾಕಿಕೊಡ್ತೀರಾ?”

ಓನರಮ್ಮ ದುಡ್ಡು ಎಣಿಸಿ ಸೆರಗಿಗೆ ಕಟ್ಟಿದಳು. ರಸೀದಿ ಪುಸ್ತಕ ತೆಗೆದು, ಗೇಟಿನ ಕಂಬದ ಮೇಲಿಟ್ಟು, ಏರಿದ ಬಾಡಿಗೆ ಬರೆದು, ಉದ್ದ ಬಾಲದ ರುಜು ಹಾಕಿ, ಇವತ್ತಿನ ತಾರೀಖನ್ನು ದಪ್ಪಗೆ ಎರಡು ಸಲ ತಿದ್ದಿ, ಊದಿ ಆರಿಸಿ ಅವನ ಕೈಗಿಟ್ಟಳು.

“ಇಷ್ಟು ವರ್ಷ ಬಾಡಿಗೆ ವಿಷಯದಲ್ಲಿ ಒಂದು ಸುಳ್ಳು ತಾರೀಖು ಬರೆದವಳಲ್ಲ ನಾನು” ಎಂದಳು. “ಅದೊಂದು ಮಾತ್ರ ಆಗಲ್ಲ.”

ಅವನು ರಸೀದಿ ಮಡಿಸಿ ಜೇಬಿಗಿಟ್ಟುಕೊಂಡು ಒಳಗೆ ಹೋಗಿ, ಅಡುಗೆಮನೆಯಲ್ಲಿ ಚಾಪೆ ಬಿಡಿಸಿದ.